ಬಣ್ಣ ಕಮ್ಮಿ ಇದ್ದವನ್ನೇ ತಂದೆ

ಶನಿವಾರ, 14 ಜೂನ್ 2025

"ದೊಡ್ಡದು ಅಂದ್ರೆ ವಯಸ್ಸಾದದ್ದು ಅಕ್ಕ" ಅಂದುಬಿಟ್ಟ, ಟ್ಯಾಂಕಿಗೆ ಸಾಕುವ ಸಿಗಡಿ ಮಾರುವ ಅಂಗಡಿಯ ಹುಡುಗ. ಅಂದು ಬಲೆ ಹಿಡಿದುಕೊಂಡು ಸುಮ್ಮನೆ ನಿಂತ. ಅವನಿಗೆ ಅದು ದಿನಾ ಹೇಳುವ ಮಾತು. ನನಗೆ ಮಾತ್ರ ಸಂಜೆಯಾದರೂ ತಲೆಯಿಂದ ಹೋಗಿಲ್ಲ.

ಸಿಗಡಿ ತರಬೇಕು ಅಂತ ನಾನು ಎಷ್ಟು ದಿನದಿಂದ ಕುಣಿಯುತ್ತಿದ್ದೆ ಅನ್ನೋದು ನಿಮಗೆ ಗೊತ್ತೇ ಇದೆ. ಟ್ಯಾಂಕಿಗೆ ಗಿಡ ಹಾಕಿ, ಸ್ಪಾಂಜ್ ಫಿಲ್ಟರ್ ಓಡಿಸಿ, ಒಂದೂ ಜೀವವಿಲ್ಲದ ನೀರಿನ ಮುಂದೆ ಕೂತಿರುತ್ತಿದ್ದೆ. "ಏನು, ನೀರು ಸಾಕ್ತಿದ್ದೀಯಾ?" ಅಂತ ಇವರು ರೇಗಿಸುತ್ತಿದ್ದರು. ಹೌದು, ನೀರನ್ನೇ ಮೊದಲು ಸಾಕಬೇಕು. ಜೀವಿಗಳ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಸ್ಪಾಂಜಿನಲ್ಲಿ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಿಗಡಿಗೆ ಅದೂ ಸಾಲದು. ಎಲೆ, ಕಲ್ಲು, ಗಾಜಿನ ಮೇಲೆಲ್ಲ ತೆಳ್ಳಗೆ ಲೋಳೆ ಕಟ್ಟಬೇಕು. ಅವು ಬೆಳಗಿನಿಂದ ರಾತ್ರಿವರೆಗೆ ಕೆರೆದು ಕೆರೆದು ತಿನ್ನುವುದು ಅದನ್ನೇ. ಹಿಂದಿನ ಗಾಜು ಒರೆಸಬೇಡಿ ಅಂತ ಇವರಿಗೆ ಎಷ್ಟು ಸಲ ಹೇಳಿದ್ದೀನೋ. ಇರಲಿ, ಆ ಜಗಳ ಇಲ್ಲಿ ಬೇಡ.

ಅಂಗಡಿಯಲ್ಲಿ ಚೆರ್ರಿ ಸಿಗಡಿಯ ಟ್ಯಾಂಕ್ ಕೆಳಗಿನ ಸಾಲಿನಲ್ಲಿತ್ತು. ಕುಕ್ಕರುಗಾಲಲ್ಲಿ ಕೂತೆ. ಒಂದು ಹೆಣ್ಣು ಪಾಚಿ ಗಡ್ಡೆಯ ಮೇಲೆ ಕೂತಿತ್ತು. ಕಾಲಿನ ತುದಿಯವರೆಗೂ ಕೆಂಪು. ಎಲ್ಲೂ ಒಳಗಿನದು ಕಾಣದಷ್ಟು ಗಾಢ. ಹೊಟ್ಟೆಯಡಿ ಹಳದಿ ಮೊಟ್ಟೆಗಳ ಗೊಂಚಲು ಬೇರೆ. ಅದಕ್ಕೆ ಗಾಳಿಯಾಡಲಿ ಅಂತ ಕಿರುಗಾಲುಗಳನ್ನು ಬೀಸುತ್ತಲೇ ಇತ್ತು. ನಾನು ಅದನ್ನೇ ತೋರಿಸಿದೆ. "ಇದು, ಮತ್ತೆ ಇದರಂಥವೇ ದೊಡ್ಡವು ಇನ್ನೊಂಬತ್ತು."

"ಅದು ಬೇಡ ಅಕ್ಕ."

ವ್ಯಾಪಾರ ಬೇಡ ಅನ್ನೋ ಅಂಗಡಿಯವನನ್ನ ನಾನು ನೋಡಿದ್ದು ಕಮ್ಮಿ. ಯಾಕೆ ಅಂದೆ.

"ಮೊಟ್ಟೆ ಹೊತ್ತಿದ್ದಾಳೆ. ಬಲೆ, ಚೀಲ, ಹೊಸ ನೀರು, ಇಷ್ಟೆಲ್ಲ ಆದಮೇಲೆ ಗಾಬರಿಗೆ ಮೊಟ್ಟೆ ಉದುರಿಸಿಬಿಡ್ತಾಳೆ. ಇಲ್ಲಾಂದ್ರೆ ಪೊರೆ ಬಿಡ್ತಾಳೆ, ಪೊರೆ ಜೊತೆ ಮೊಟ್ಟೆನೂ ಹೋಗುತ್ತೆ. ಮತ್ತೆ ಅಷ್ಟು ದೊಡ್ಡದು ಅಂದ್ರೆ..." ಆಮೇಲೆ ಆ ಮಾತು ಅಂದ.

ಚೆರ್ರಿ ಸಿಗಡಿ ಬದುಕುವುದೇ ಒಂದರಿಂದ ಎರಡು ವರ್ಷ. ಇದನ್ನು ನಾನೂ ಓದಿದ್ದೆ. ಆದರೆ ಓದಿದ್ದನ್ನು ಆ ಕೆಂಪು ಹೆಣ್ಣಿನ ಜೊತೆ ಸೇರಿಸಿ ಯೋಚನೆ ಮಾಡಿರಲಿಲ್ಲ. ಗಾಜಿನಾಚೆ ಎಲ್ಲಕ್ಕಿಂತ ಚೆಂದ ಕಾಣುವುದು ತನ್ನ ಆಯುಸ್ಸಿನ ದೊಡ್ಡ ಪಾಲನ್ನು ಬೇರೆಯವರ ನೀರಿನಲ್ಲಿ ಕಳೆದಿರುತ್ತದೆ. ಅದರ ಮೈಯೂ ಆ ನೀರಿಗೇ ಒಗ್ಗಿಹೋಗಿರುತ್ತದೆ. ಕಿತ್ತು ಬೇರೆ ಕಡೆ ಹಾಕಿದರೆ ಮರಿಗಳು ಹೊಂದಿಕೊಂಡಷ್ಟು ಸುಲಭವಾಗಿ ಅದು ಹೊಂದಿಕೊಳ್ಳುವುದಿಲ್ಲ.

"ಇವನ್ನ ತಗೊಳ್ಳಿ" ಅಂತ ಟ್ಯಾಂಕಿನ ಮೂಲೆ ತೋರಿಸಿದ. ಒಂದೂಕಾಲು ಸೆಂಟಿಮೀಟರ್ ಇರಬಹುದು. ಕೆಲವು ಬರೀ ಗಾಜಿನ ಚೂರಿನ ಹಾಗೆ, ಅಲ್ಲಲ್ಲಿ ಕೆಂಪು ಚುಕ್ಕೆ. ನಿಜ ಹೇಳಬೇಕೆಂದರೆ ಮನಸ್ಸು ಪಿಚ್ಚೆಂದಿತು. ಇದಕ್ಕಾ ಇಷ್ಟು ದಿನ ಕಾದದ್ದು ಅನ್ನಿಸಿತು.

ಆದರೂ ನೋಡುತ್ತಾ ಕೂತೆ. ಬಣ್ಣ ಬಿಟ್ಟು ಬೇರೇನು ನೋಡಬೇಕು ಅಂತ ಅವನೇ ಹೇಳಿದ. ಕೈ ನೋಡಿ ಅಂದ. ಚೆನ್ನಾಗಿರುವ ಸಿಗಡಿಯ ಮುಂಗಾಲುಗಳು ಒಂದು ಕ್ಷಣ ಸುಮ್ಮನಿರುವುದಿಲ್ಲ. ಹೆಕ್ಕು, ಬಾಯಿಗಿಡು, ಹೆಕ್ಕು, ಬಾಯಿಗಿಡು. ಮೂಲೆಯಲ್ಲಿ ಮಂಕಾಗಿ ನಿಂತದ್ದನ್ನು, ಮೈಯೊಳಗೆ ಹಾಲಿನಂತೆ ಬೆಳ್ಳಗಾದದ್ದನ್ನು, ಮೂತಿಯ ಮೇಲೆ ಬಿಳಿ ಕೂದಲಿನಂಥದ್ದು ಎದ್ದಿರುವುದನ್ನು ತರಬಾರದು. ಹೊಟ್ಟೆಯಡಿ ಹಸಿರು ಬೂಷ್ಟಿನಂಥದ್ದು ಇದ್ದರೆ ಆ ಟ್ಯಾಂಕಿನಿಂದ ಏನನ್ನೂ ತರಬಾರದು. ಅದನ್ನು ಮೊಟ್ಟೆ ಅಂತ ಖುಷಿಪಟ್ಟು ಒಯ್ಯುವವರಿದ್ದಾರಂತೆ.

ಇವು ಬಂದು ಎಷ್ಟು ದಿನವಾಯಿತು ಅಂತ ಕೇಳಿದೆ. ವಾರದ ಮೇಲಾಯಿತು ಅಂದ. ಅದು ಸಮಾಧಾನ. ನಿನ್ನೆ ಬಂದಿಳಿದ ಸಿಗಡಿಯನ್ನು ಇವತ್ತೇ ಎತ್ತಿಕೊಂಡು ಹೋದರೆ ಆಗಲೇ ಸುಸ್ತಾದ ಜೀವಕ್ಕೆ ಇನ್ನೊಂದು ಪ್ರಯಾಣ. ಸಾಯುವಂಥವು ಅಂಗಡಿಯಲ್ಲೇ ಮೊದಲ ಕೆಲವು ದಿನಗಳಲ್ಲಿ ಸಾಯುತ್ತವೆ. ಕ್ರೂರವಾಗಿ ಕೇಳಿಸುತ್ತದೆ, ಗೊತ್ತು.

ಹತ್ತು ಯಾಕೆ ಅಂದರೆ, ಇಷ್ಟು ಚಿಕ್ಕದರಲ್ಲಿ ಗಂಡು ಹೆಣ್ಣು ಹೇಳಲಾಗುವುದಿಲ್ಲ. ದೊಡ್ಡದಾದ ಮೇಲೆ ಹೆಣ್ಣಿನ ಹೊಟ್ಟೆಯ ಅಂಚು ಬಾಗಿ ಇಳಿಯುತ್ತದೆ, ಕತ್ತಿನ ಹಿಂದೆ ಸ್ಯಾಡಲ್, ಅಂದರೆ ಮೈಯೊಳಗೆ ಬಲಿಯುತ್ತಿರುವ ಮೊಟ್ಟೆಗಳ ಮಚ್ಚೆ, ಕಾಣುತ್ತದೆ. ಹತ್ತು ತಂದರೆ ಎರಡೂ ಇದ್ದೇ ಇರುತ್ತವೆ ಅನ್ನೋ ಲೆಕ್ಕ. ಚೀಲಕ್ಕೆ ಒಂದು ಚೂರು ಪಾಚಿಯನ್ನೂ ಹಾಕಿಕೊಟ್ಟ. ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಒಂದನ್ನೊಂದು ಹಿಡಿದುಕೊಂಡು ಒದ್ದಾಡುತ್ತವೆ.

ಈಗ ಅವು ಬಕೆಟ್ಟಿನಲ್ಲಿವೆ. ಟ್ಯಾಂಕಿನಿಂದ ಏರ್ ಪೈಪ್ ಇಳಿಬಿಟ್ಟು, ಅದಕ್ಕೊಂದು ಗಂಟು ಹಾಕಿ, ಸೆಕೆಂಡಿಗೆ ಎರಡು ಹನಿ ಬೀಳುವ ಹಾಗೆ ಮಾಡಿದ್ದೇನೆ. ಚೀಲದ ನೀರಿನ ಮೂರರಷ್ಟು ಆಗುವವರೆಗೆ ಎರಡು ಮೂರು ಗಂಟೆ. ಮೀನಿನ ಚೀಲವನ್ನಾದರೆ ನೀರಲ್ಲಿ ಸ್ವಲ್ಪ ಹೊತ್ತು ತೇಲಿಸಿ ಬಿಟ್ಟುಬಿಡುವವರೇ ಜಾಸ್ತಿ. ಸಿಗಡಿಗೆ ಆ ಆಟ ನಡೆಯಲ್ಲ. ಅಂಗಡಿ ನೀರಿನ ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಲವಣ ಮುಂತಾದವುಗಳ ಅಳತೆ, 310 ಇತ್ತು, ನಮ್ಮದು 205. ನೀರಲ್ಲಿ ಕರಗಿರುವುದು ಒಮ್ಮೆಲೇ ಬದಲಾದರೆ ಹೊತ್ತಲ್ಲದ ಹೊತ್ತಿನಲ್ಲಿ ಪೊರೆ ಬಿಡಲು ಹೊರಡುತ್ತವೆ. ಪೊರೆ ತಲೆ ಮತ್ತು ಬೆನ್ನಿನ ನಡುವೆ ಸೀಳಬೇಕು, ಅಲ್ಲಿಂದ ಅದು ಚಿಮ್ಮಿ ಹೊರಬರಬೇಕು. ಹಾಗಾಗದೆ ಸುತ್ತಲೂ ಬಿಳಿ ಉಂಗುರದ ಹಾಗೆ ಬಿರುಕು ಬಿಟ್ಟರೆ ಆಯಿತು, ಹೊರಗೆ ಬರಲಾಗದೆ ಬಹುಪಾಲು ಸತ್ತೇ ಹೋಗುತ್ತವೆ. ನೀರಿನ ಗಡಸುತನ, ಅಂದರೆ ಜಿಎಚ್, ಚೆರ್ರಿಗೆ ಆರರಿಂದ ಎಂಟು ಇರಲಿ ಅನ್ನುತ್ತಾರೆ. ಹೊಸ ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕಲ್ಲ.

ಬಿಟ್ಟ ಪೊರೆ ನೋಡಿ ಸತ್ತುಹೋಯ್ತು ಅಂತ ಹೌಹಾರಬಾರದು ಅಂತ ಪುಟ್ಟಿಗೆ ಈಗಲೇ ಹೇಳಿಟ್ಟಿದ್ದೇನೆ. ಅದನ್ನು ತೆಗೆಯಲೂಬಾರದು, ಅವೇ ತಿಂದುಕೊಳ್ಳುತ್ತವೆ.

ಹನಿ ಎಣಿಸುತ್ತಾ ಕೂತಿದ್ದಾಗ ಅಣ್ಣನ ಫೋನ್. "ಅಮಾನೋ ತರಬೇಕಿತ್ತು ಕಣೇ, ಪಾಚಿನೆಲ್ಲ ಬಳಿದು ಹಾಕುತ್ತೆ" ಅಂದ. ಅವನು ಹೇಳಿದ್ದು ಸರಿ. 1980ರ ದಶಕದಲ್ಲಿ ಜಪಾನಿನ ತಕಾಶಿ ಅಮಾನೋ ಗಿಡದ ಟ್ಯಾಂಕುಗಳಲ್ಲಿ ಪಾಚಿ ತಿನ್ನಿಸಲು ಬಳಸಿದ್ದಕ್ಕೇ ಆ ಸಿಗಡಿಗೆ ಅವರ ಹೆಸರು ಬಂದದ್ದು. ಆದರೆ ಅದರ ಮರಿಗಳು ಬೆಳೆಯಲು ಉಪ್ಪು ನೀರು ಬೇಕು. ಸಿಹಿನೀರಿನ ಟ್ಯಾಂಕಿನಲ್ಲಿ ಮೊಟ್ಟೆಯೊಡೆದರೂ ಒಂದೂ ಉಳಿಯುವುದಿಲ್ಲ. ನನಗೆ ಮರಿ ನೋಡಬೇಕು ಅಂದೆ. "ನಿನಗೆ ಯಾವಾಗಲೂ ಸಂಸಾರ ಬೆಳೀಬೇಕು" ಅಂತ ನಕ್ಕು ಇಟ್ಟುಬಿಟ್ಟ. ಹೇಗಿದ್ದೀಯಾ ಅಂತ ಕೇಳಲೂ ಇಲ್ಲ, ಮಹಾರಾಯ.

ಅಂಗಡಿಯಲ್ಲಿದ್ದ ಬೇರೆ ಟ್ಯಾಂಕುಗಳನ್ನೂ ನೋಡಿ ಬಂದೆ. ಸುಮ್ನೆ, ಕಣ್ಣಿಗೆ. ಕೆಂಪು ಬಿಳಿ ಪಟ್ಟೆಯ ಕ್ರಿಸ್ಟಲ್ ರೆಡ್. ಜಪಾನಿನ ಹಿಸಯಾಸು ಸುಝುಕಿ ಅನ್ನುವವರು ತಮ್ಮ ಕಪ್ಪು ಪಟ್ಟೆಯ ಬೀ ಸಿಗಡಿಗಳಲ್ಲಿ ಹುಟ್ಟಿದ ಕೆಂಪನ್ನು ಹಿಡಿದು 1990ರ ದಶಕದಲ್ಲಿ ಬೆಳೆಸಿದ ತಳಿ ಅದು. ಚೆಂದ ಏನೋ ಚೆಂದವೇ. ಆದರೆ ಅದಕ್ಕೆ ಮೆತ್ತನೆಯ, ಸ್ವಲ್ಪ ಹುಳಿ ನೀರು ಬೇಕು, ಪಿಎಚ್ ಆರೂವರೆಗಿಂತ ಕೆಳಗಿದ್ದರೆ ಒಳ್ಳೆಯದು. ಚೆರ್ರಿ ಜೊತೆ ಒಂದೇ ಚೀಲದಲ್ಲಿ ಒಯ್ಯುವವರು ಯಾವುದೋ ಒಂದನ್ನು ಕಷ್ಟಕ್ಕೆ ತಳ್ಳುತ್ತಾರೆ.

ಇನ್ನೊಂದರಲ್ಲಿ ಕಾರ್ಡಿನಲ್. ಗಾಢ ಕೆಂಪು ಮೈ, ಬಿಳಿ ಚುಕ್ಕೆ, ಬಿಳಿ ಮುಂಗಾಲು. ಅದರ ಊರು ಇಂಡೋನೇಷ್ಯಾದ ಸುಲವೆಸಿಯ ಮತಾನೋ ಸರೋವರ, ಭೂಮಿಯ ಮೇಲೆ ಅದೊಂದೇ ಕಡೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದೇ 2009ರಲ್ಲಿ. ಈಗಾಗಲೇ ಅಳಿವಿನಂಚಿನ ಪಟ್ಟಿಯಲ್ಲಿದೆ. ಅದರ ಮುಂದೆ ಮಾತ್ರ ನನಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಟ್ಯಾಂಕಿನಲ್ಲೇ ಹುಟ್ಟಿದ್ದಾ, ಸರೋವರದಿಂದ ಹಿಡಿದದ್ದಾ ಅಂತ ಕೇಳಿದೆ. ಹುಡುಗ ತಲೆ ಕೆರೆದುಕೊಂಡ. ಸರಿ, ಇದು ನಮಗಲ್ಲ ಅಂದುಕೊಂಡೆ.

ಆಂ, ಒಂದು ಕೆಲಸ ಆಯಿತು. ಮೀನಿನ ಔಷಧಿ ಬಾಟಲಿಗಳನ್ನೆಲ್ಲ ಮೇಲಿನ ಕಪಾಟಿಗೆ ಸಾಗಿಸಿದೆ. ಅವುಗಳಲ್ಲಿ ಕೆಲವಕ್ಕೆ ತಾಮ್ರ ಹಾಕಿರುತ್ತಾರೆ. ವಿಚಿತ್ರ ನೋಡಿ, ಸಿಗಡಿಯ ರಕ್ತದಲ್ಲಿ ಉಸಿರು ಹೊರುವುದೇ ತಾಮ್ರ, ನಮಗೆ ಕಬ್ಬಿಣ ಇದ್ದ ಹಾಗೆ. ಅದೇ ತಾಮ್ರ ನೀರಿನಲ್ಲಿ ಒಂಚೂರು ಜಾಸ್ತಿಯಾದರೆ ಸಾಯುತ್ತವೆ.

ಪುಟ್ಟಿ ಬಕೆಟ್ಟಿನೊಳಗೆ ಇಣುಕಿ, "ಅತ್ತೆ, ನೀಲಿದೂ ತರೋಣ, ಎಲ್ಲ ಕಲರೂ ಇರ್ಲಿ" ಅಂದಳು. ಬೇಡ ಪುಟ್ಟಿ ಅಂದೆ. ನೀಲಿ, ಹಳದಿ, ಕೆಂಪು ಎಲ್ಲವೂ ಒಂದೇ ಜಾತಿ, ಜೊತೆಗಿಟ್ಟರೆ ಕೂಡುತ್ತವೆ. ಕೆಲವು ತಲೆಮಾರಿನಲ್ಲಿ ಮರಿಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ತೈವಾನಿನ, ಚೀನಾದ ಹೊಳೆಗಳಲ್ಲಿ ಇವುಗಳ ನಿಜವಾದ ಬಣ್ಣ ಅದೇ. "ಕಂದು ಆದ್ರೆ ಏನಾಗುತ್ತೆ?" ಅಂದಳು. ಏನೂ ಆಗಲ್ಲ ಅಂದೆ. "ಮತ್ತೆ?"

ಅವಳ ಆ "ಮತ್ತೆ?"ಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿಂದ ಇನ್ನೊಂದು ಹುಳ ಹೊಕ್ಕಿತು. ಈ ಕೆಂಪು ಉಳಿಯಬೇಕಾದರೆ ಸಾಕುವವರು ಮಂಕಾಗಿರುವ ಮರಿಗಳನ್ನು ಆಗಾಗ ಹೆಕ್ಕಿ ಬೇರೆ ಮಾಡುತ್ತಿರಬೇಕು. ಹಾಗೆ ಬೇರೆ ಮಾಡಿದವು ಎಲ್ಲಿಗೆ ಹೋಗುತ್ತವೆ? ಅಂಗಡಿಗೇ ಅಲ್ವಾ? ನಾನು ತಂದ ಹತ್ತು ಇನ್ನೂ ಬಣ್ಣ ತುಂಬದ ಮರಿಗಳೋ, ಅಥವಾ ಎಂದೂ ತುಂಬದೆ ಯಾರೋ ತೆಗೆದುಹಾಕಿದವೋ? ನೋಡಿದರೆ ಗೊತ್ತಾಗುವುದಿಲ್ಲ. ಹುಡುಗ ಮೋಸ ಮಾಡಿದ ಅನ್ನಲಾರೆ. ಕೆಂಪಗಾಗುತ್ತವೆ ಅಂತ ಅವನು ಹೇಳಲೇ ಇಲ್ಲ, ಹೊಂದಿಕೊಳ್ಳುತ್ತವೆ ಅಂತಷ್ಟೇ ಅಂದದ್ದು. ಆ ದೊಡ್ಡ ಹೆಣ್ಣನ್ನೇ ತಂದಿದ್ದರೆ ಈ ಅನುಮಾನವೇ ಇರುತ್ತಿರಲಿಲ್ಲ, ಬಣ್ಣ ಕಣ್ಣೆದುರೇ ಇತ್ತು. ಮುಂದಿನ ವಾರ ಹೋದಾಗ ಕೇಳಬಹುದು. ಕೇಳಿ ಗೊತ್ತಾದರೆ ಏನು ಮಾಡುತ್ತೀನಿ? ವಾಪಸ್ ಕೊಡುತ್ತೀನಾ? ಮರಿ ಹಾಕಿದ ಮೇಲೆ ನಾನೂ ಮಂಕಾದವನ್ನು ಹೆಕ್ಕಲು ಕೂರಬೇಕಾ? ಪುಟ್ಟಿಯಂತೂ ಒಂದನ್ನೂ ಮುಟ್ಟಲು ಬಿಡುವುದಿಲ್ಲ. ಇವರನ್ನು ಕೇಳಿದರೆ ಎಲ್ಲಾ ಇರ್ಲಿ ಬಿಡು ಅನ್ನುತ್ತಾರೆ, ಇವರದು ಯಾವತ್ತೂ ಅದೇ ಮಾತು. ಆದರೆ ಎಲ್ಲವನ್ನೂ ಇಟ್ಟುಕೊಂಡರೆ ಈ ಟ್ಯಾಂಕಿಗೆ ಎಷ್ಟು ಹಿಡಿಸುತ್ತದೆ, ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಮರಿ ಅಂದರೆ...