ನಾಟಕದ ಹಿಂದೆ ಎಲ್‌ಇಡಿ ವಾಲ್ ಹಾಕೋರಿಗೆ

ಬಾದಾಮಿ ಬನಶಂಕರಿ ಜಾತ್ರೆ ಅಂದ್ರೆ ನಾಟಕ ಕಂಪನಿಗಳ ಹಬ್ಬ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಆಟ ನಡೀತಾನೇ ಇರುತ್ತದೆ. ನನ್ನ ಕೆಲಸ ಅಲ್ಲಿ ಎಲ್‌ಇಡಿ ವಾಲ್‌ಗೆ, ಅಂದ್ರೆ ರಂಗದ ಹಿಂದೆ ಪರದೆಯ ಬದಲು ಪ್ಯಾನೆಲ್ ಜೋಡಿಸಿ ಕಟ್ಟುವ ದೊಡ್ಡ ಟೀವಿಯಂಥ ಗೋಡೆಗೆ, ಸೀನ್ ಮಾಡಿಕೊಡುವುದು. ಗೌಡರ ಮನೆ, ಜೋಳದ ಹೊಲ, ಬಸ್ ಸ್ಟ್ಯಾಂಡು, ಸ್ಮಶಾನ. ಬಾಗಲಕೋಟೆಯಲ್ಲಿ ಕೂತು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಕಟ್ಟುತ್ತೇನೆ. ಆಟದ ಹೊತ್ತಿಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಸೈಡ್ ವಿಂಗಿನಲ್ಲಿ ಕೂರುತ್ತೇನೆ.

ಈ ಕೆಲಸ ಕಲಿಯೋಕೆ ಬರುವ ಹುಡುಗರು ಮೊದಲು ಕೇಳೋದು ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿ ಬೇಕು ಅಂತ. ನಾನು ಅವರನ್ನು ಮೊದಲು ಹಳೇ ಬಟ್ಟೆ ಪರದೆಯ ಮುಂದೆ ನಿಲ್ಲಿಸುತ್ತೇನೆ. ಬಣ್ಣ ಬಳಿದ ಪರದೆ ತಾನಾಗಿ ಹೊಳೆಯುವುದಿಲ್ಲ. ದೀಪ ಬಿದ್ದರೆ ಕಾಣುತ್ತದೆ, ಇಲ್ಲಾಂದ್ರೆ ಇಲ್ಲ. ನಟನ ಮುಖದ್ದೂ ಅದೇ ಕಥೆ. ಹಾಗಾಗಿ ಎರಡೂ ಒಂದಕ್ಕೊಂದು ಹೊಂದಿಕೊಂಡೇ ಇರುತ್ತವೆ. ಎಲ್‌ಇಡಿ ವಾಲ್ ಹಾಗಲ್ಲ, ಅದೇ ಒಂದು ದೀಪ. ಎದುರಿಗೆ ಬರುವ ಲಾರಿ ಹೈ ಬೀಮ್ ಹಾಕಿದರೆ ಅದರ ಮುಂದೆ ನಡೆಯುವವನ ಮುಖ ಕಾಣುತ್ತಾ? ನಮ್ಮ ತೊಂದರೆಗಳೆಲ್ಲ ಶುರುವಾಗೋದು ಇಲ್ಲಿಂದಲೇ.

ಮಾಲಕರಿಗೆ ಮಾತ್ರ ವಾಲ್ ಧಗಧಗ ಅನ್ನಬೇಕು. ಬಾಡಿಗೆ ಕೊಟ್ಟಿರ್ತಾರಲ್ಲ! ಒಂದು ಕಂಪನಿಯ ಹಿರಿಯ ಕಲಾವಿದೆ ರಿಹರ್ಸಲ್ ನಡುವೆಯೇ ನನ್ನ ಕಡೆ ತಿರುಗಿ ಕೇಳಿದರು: "ತಮ್ಮಾ, ಮಂದಿ ನನ್ನ ನೋಡಾಕ ಬಂದಾರೋ, ನಿನ್ನ ಟೀವಿ ನೋಡಾಕ ಬಂದಾರೋ?" ಆ ಮಾತಿಗೆ ಮಾಲಕರೂ ನಕ್ಕುಬಿಟ್ಟರು, ನನ್ನ ಕೆಲಸ ಸಲೀಸಾಯಿತು. ಟೆಂಟಿನ ಒಳಗೆ ನಾನು ಬ್ರೈಟ್‌ನೆಸ್ 15–20 ಪರ್ಸೆಂಟ್ ದಾಟಿಸುವುದಿಲ್ಲ.

ಇಳಿಸಿದರೆ ಇನ್ನೊಂದು ತಲೆನೋವು. ಕಡಿಮೆ ಬೆಲೆಯ ಪ್ಯಾನೆಲ್‌ಗಳಲ್ಲಿ ಬ್ರೈಟ್‌ನೆಸ್ ಇಳಿಸಿದಷ್ಟೂ ಕಪ್ಪಿನಿಂದ ಬೂದು ಬಣ್ಣದವರೆಗೆ ಸಿಗುವ ಹಂತಗಳು ಕಮ್ಮಿಯಾಗುತ್ತವೆ. ರಾತ್ರಿ ಆಕಾಶ ನುಣ್ಣಗೆ ಇಳಿಯುವ ಬದಲು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಅದಕ್ಕೆ ಮದ್ದು ಸುಲಭ: ರೆಂಡರ್ ಆದ ಮೇಲೆ, ಅಂದ್ರೆ ಕಂಪ್ಯೂಟರ್ ಕೊನೆಯ ಚಿತ್ರ ತೆಗೆದುಕೊಟ್ಟ ಮೇಲೆ, ಇಡೀ ಚಿತ್ರಕ್ಕೆ ಸ್ವಲ್ಪ ನಾಯ್ಸ್ (ಮರಳು ಚೆಲ್ಲಿದಂಥ ಸಣ್ಣ ಚುಕ್ಕೆಗಳು) ಸೇರಿಸಿ. ಕಂಪ್ಯೂಟರಿನಲ್ಲಿ ನೋಡಿದರೆ ಹಾಳಾದ ಹಾಗೆ ಕಾಣುತ್ತದೆ. ವಾಲ್ ಮೇಲೆ ಪಟ್ಟೆ ಮಾಯ.

ರೆಸಲ್ಯೂಶನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಿ3.9 ಪ್ಯಾನೆಲ್ ಅಂದ್ರೆ ಒಂದು ಪಿಕ್ಸೆಲ್‌ನಿಂದ (ಬೆಳಕಿನ ಚುಕ್ಕೆಯಿಂದ) ಇನ್ನೊಂದಕ್ಕೆ ಸುಮಾರು 3.9 ಮಿಲಿಮೀಟರ್, ಅರ್ಧ ಮೀಟರಿಗೆ 128 ಪಿಕ್ಸೆಲ್. 6 ಮೀಟರ್ ಅಗಲ, 3 ಮೀಟರ್ ಎತ್ತರದ ವಾಲ್ ಕಟ್ಟಿದರೂ ಒಟ್ಟು 1536 × 768 ಅಷ್ಟೇ. ಇದಕ್ಕೆ 4ಕೆ ರೆಂಡರ್ ಹಾಕಿ ರಾತ್ರಿಯೆಲ್ಲ ಫ್ಯಾನ್ ಓಡಿಸೋದು ಸುಮ್ನೆ ಕರೆಂಟ್ ದಂಡ.

ಬಣ್ಣದ ವಿಷಯಕ್ಕೆ ಮಾತ್ರ ಎಷ್ಟು ಹೊತ್ತು ಕೊಟ್ಟರೂ ಸಾಲದು. ರಾತ್ರಿ ಸೀನ್ ಇದೆ, ವಾಲ್ ತುಂಬ ನೀಲಿ. ನಾಯಕಿ ಇಳಕಲ್ ಸೀರೆ ಉಟ್ಟು ವಾಲ್‌ಗೆ ಹತ್ತಿರ ನಿಂತಿದ್ದಾಳೆ. ಬಿಳಿ ತೆನೆಯ ವಿನ್ಯಾಸ ಇರುವ ಟೋಪ ತೆನಿ ಸೆರಗಿನ ಆ ಕೆಂಪು ಇದೆಯಲ್ಲ, ನೀಲಿ ಬೆಳಕು ಬಿದ್ದ ಕಡೆ ಅದು ಕರ್ರಗಾಗುತ್ತದೆ. ಕೆಂಪು ಬಟ್ಟೆ ಕೆಂಪು ಬೆಳಕನ್ನು ಮಾತ್ರ ವಾಪಸ್ ಕಳಿಸುತ್ತದೆ, ನೀಲಿಯಲ್ಲಿ ಅದಕ್ಕೆ ಸಿಗೋದು ಏನೂ ಇಲ್ಲ. ಬಿಳಿ ತೆನೆಗಳು ಮಾತ್ರ ನೀಲಿಯಾಗಿ ಉಳಿಯುತ್ತವೆ. ವಾಲ್ ಬಿಳಿ ತೋರಿಸಿದರೂ ಪೂರ್ತಿ ಸರಿಹೋಗಲ್ಲ. ಎಲ್‌ಇಡಿಯ ಬಿಳಿ ಅಂದ್ರೆ ಮೂರೇ ಸಣ್ಣ ಪಟ್ಟಿಯ ಕೆಂಪು, ಹಸಿರು, ನೀಲಿ. ನಡುವಿನ ಬಣ್ಣಗಳು ಖಾಲಿ. ಮೈಬಣ್ಣ ಅದರಲ್ಲಿ ಸಪ್ಪೆಯಾಗುತ್ತದೆ. ಅದಕ್ಕೇ ಮುಖಕ್ಕೆ ಬೇರೆ ಒಳ್ಳೆಯ ಲೈಟು ಬೇಕು. ಅದೂ ಪಕ್ಕದಿಂದ, ಮೇಲಿಂದ. ಎದುರಿನಿಂದ ಹಾಕಿದರೆ ವಾಲ್ ಮೇಲೂ ಬಿದ್ದು ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹಳೇ ಪರದೆಗೆ ಎದುರಿನ ಲೈಟೇ ಬೇಕಿತ್ತು, ಇಲ್ಲಿ ಅದೇ ಶತ್ರು. ನಟರು ವಾಲ್‌ನಿಂದ ಒಂದೂವರೆ–ಎರಡು ಮೀಟರ್ ಮುಂದೆ ಇದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಸಿನಿಮಾದವರೂ ಎಲ್‌ಇಡಿ ವಾಲ್ ಬಳಸ್ತಾರಲ್ವಾ, ಅವರಿಗೆ ಹೇಗೆ ಆಗುತ್ತೆ ಅಂತ ಕೇಳುತ್ತಾರೆ. 2019ರಲ್ಲಿ ಬಂದ ದಿ ಮ್ಯಾಂಡಲೋರಿಯನ್ ಸರಣಿಗೆ ಸುಮಾರು 20 ಅಡಿ ಎತ್ತರದ, 75 ಅಡಿ ವ್ಯಾಸದ ಎಲ್‌ಇಡಿ ಸೆಟ್ ಕಟ್ಟಿದ್ದರು. ಅಲ್ಲಿ ಬೆಳಕು ಚೆಲ್ಲೋದೇ ಲಾಭ: ನಟನ ಉಕ್ಕಿನ ಕವಚದಲ್ಲಿ ಆಕಾಶದ ಪ್ರತಿಬಿಂಬ ತಾನಾಗಿ ಬರುತ್ತದೆ. ಕ್ಯಾಮೆರಾ ಎಲ್ಲಿಗೆ ಸರಿಯಿತು ಅಂತ ಕಂಪ್ಯೂಟರಿಗೆ ಕ್ಷಣಕ್ಷಣಕ್ಕೂ ಗೊತ್ತಾಗುತ್ತದೆ, ಅನ್‌ರಿಯಲ್ ಎಂಜಿನ್ ಅನ್ನೋ ಗೇಮ್ ಸಾಫ್ಟ್‌ವೇರ್ ಹಿಂದಿನ ಚಿತ್ರವನ್ನು ಅದಕ್ಕೆ ತಕ್ಕಂತೆ ಸರಿಸುತ್ತದೆ. ಅಲ್ಲಿ ನೋಡೋದು ಒಂದೇ ಕಣ್ಣು. ನಮ್ಮ ಟೆಂಟಿನಲ್ಲಿ ಸಾವಿರ ಕಣ್ಣು, ಎಡಗಡೆ ಕೂತವರಿಗೊಂದು ಬಲಗಡೆ ಕೂತವರಿಗೊಂದು ಚಿತ್ರ ತೋರಿಸಲಾಗುವುದಿಲ್ಲ. ಹಾಗಾಗಿ ಉದ್ದನೆಯ ಓಣಿ, ಸಾಲು ಕಂಬದ ದರ್ಬಾರು ನನಗೆ ಬೇಡ. ಪಕ್ಕದ ಕುರ್ಚಿಯಿಂದ ನೋಡಿದರೆ ಅವು ಸೊಟ್ಟಗೆ ಕಾಣುತ್ತವೆ. ಎದುರಿಗೆ ಅಡ್ಡ ನಿಂತ ಗೋಡೆ, ದೂರದ ಗುಡ್ಡ ವಾಸಿ.

ಸೀನ್ ಕಟ್ಟುವಾಗ ಸಾಫ್ಟ್‌ವೇರಿನ ಒಳಗಿನ ಕ್ಯಾಮೆರಾ ಎತ್ತರವನ್ನೂ ನೋಡಿಕೊಳ್ಳಿ. ಬ್ಲೆಂಡರ್‌ನಲ್ಲಿ ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ ಇಡೋದು ಎಲ್ಲರ ಅಭ್ಯಾಸ. ಆದರೆ ರಂಗ ಮೂರಡಿ ಎತ್ತರ, ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ನಾಲ್ಕಡಿ. ಅಂದ್ರೆ ರಂಗದ ಹಲಗೆಗಿಂತ ಒಂದೇ ಅಡಿ ಮೇಲೆ. ನಾನು ನಟನ ಮೊಣಕಾಲಿನ ಹತ್ತಿರ ಇಡುತ್ತೇನೆ. ಇಲ್ಲಾಂದ್ರೆ ಹೊಲ ಪ್ರೇಕ್ಷಕರ ಕಡೆ ಇಳಿಜಾರಾಗಿ ಜಾರಿ ಬರುವ ಹಾಗೆ ಕಾಣುತ್ತದೆ.

ಈಗ ಆಟವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದೂ ಇದೆ. ವಾಲ್ ಬಾಡಿಗೆಗೆ ತರುವಾಗ ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ಮೂಡುತ್ತದೆ ಅನ್ನೋದು) 3840 ಹರ್ಟ್ಜ್ ಇದೆಯಾ ಅಂತ ಮೊದಲೇ ಕೇಳಿ. ಕಮ್ಮಿ ಇದ್ದರೆ ವಿಡಿಯೋದಲ್ಲಿ ಕಪ್ಪು ಗೆರೆಗಳು ಓಡುತ್ತವೆ. ಗೆರೆ ಇಲ್ಲದೆ ಅಲೆ ಅಲೆಯಾಗಿ ಕಂಡರೆ ಅದು ಮುವಾರೆ, ಪಿಕ್ಸೆಲ್ ಸಾಲಿಗೂ ಕ್ಯಾಮೆರಾ ಸೆನ್ಸರಿಗೂ ಆಗುವ ಜಗಳ. ಕ್ಯಾಮೆರಾದವರಿಗೆ ನಟರ ಮೇಲೆ ಫೋಕಸ್ ಇಟ್ಟು ವಾಲ್ ಸ್ವಲ್ಪ ಮಸುಕಾಗಲಿ ಅನ್ನಿ. ಗುಳೇದಗುಡ್ಡದ ಖಣದ ಕುಪ್ಪಸದಲ್ಲೂ ಇದೇ ಅಲೆ ಏಳುತ್ತದೆ. ಅದಕ್ಕೆ ವಾಲ್‌ನವನನ್ನು ಬೈಯಬೇಡಿ, ಝೂಮ್ ಬದಲಾಯಿಸಿ ನೋಡಿ.