ಪಕ್ಕದ ಕುರ್ಚಿ

ಇವತ್ತು ಕೊನೆಗೂ ಮೀಟಿಂಗ್‌ಗೆ ಹೋದೆ.

ವಿಳಾಸ ಮೂರು ವಾರದಿಂದ ಮೊಬೈಲ್‌ನಲ್ಲೇ ಇತ್ತು. ಹುಡುಕುವುದೇನೂ ದೊಡ್ಡ ವಿಷಯ ಅಲ್ಲ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಸಹಾಯವಾಣಿಗೆ ಫೋನ್ ಮಾಡಿದರೆ ಹತ್ತಿರದ ಮೀಟಿಂಗ್ ಎಲ್ಲಿ, ಎಷ್ಟು ಗಂಟೆಗೆ ಅಂತ ಅವರೇ ಹೇಳುತ್ತಾರೆ. ಆ ಫೋನ್ ಮಾಡೋಕೆ ನನಗೆ ಹಿಡಿದದ್ದು ಎರಡು ವರ್ಷ.

ಬಾಗಿಲವರೆಗೂ ಹೋಗಿ ಎರಡು ಸಲ ವಾಪಸ್ ತಿರುಗಿದೆ. ಯಾರಾದರೂ ಗುರುತಿನವರು ಒಳಗಿದ್ದರೆ? (ಇದ್ದರೆ ಅವರೂ ಅದಕ್ಕೇ ಬಂದಿರುತ್ತಾರೆ ಅಲ್ವಾ, ಅದು ಆಗ ಹೊಳೆಯಲಿಲ್ಲ.)

ಒಳಗೆ ಹೋದರೆ ಕೊನೆಯ ಸಾಲಿನಲ್ಲಿ ಒಂದೇ ಕುರ್ಚಿ ಖಾಲಿ, ಅದರ ಮೇಲೆ ಯಾರದೋ ಚೀಲ. ಹಿಡಿ ಕಿತ್ತುಹೋಗಿ ನೀಲಿ ದಾರದಲ್ಲಿ ಹೊಲಿದಿದ್ದ ಹಳೇ ಚೀಲ. ಪಕ್ಕದಲ್ಲಿದ್ದವರು ಹೆಸರು ಕೇಳಲಿಲ್ಲ, ಎಷ್ಟು ಕುಡೀತೀರಿ ಅಂತಲೂ ಕೇಳಲಿಲ್ಲ, ಸುಮ್ನೆ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಅಷ್ಟೇ. ನನಗೆ ಗಂಟಲು ಕಟ್ಟಿತು.

ನಾನು ಮಾತಾಡಲಿಲ್ಲ, ಮಾತಾಡಲೇಬೇಕು ಅಂತೇನೂ ಇಲ್ಲ. ಇವತ್ತಿನದು ಓಪನ್ ಮೀಟಿಂಗ್, ಮನೆಯವರೂ ಬರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ. ಫೀಸಿಲ್ಲ. ಕೊನೆಯಲ್ಲಿ ಕಾಣಿಕೆ ಡಬ್ಬಿ ಬಂದಾಗ ಜೇಬಿಗೆ ಕೈ ಹಾಕಿದೆ, 'ಹೊಸಬರು ಹಾಕೋದು ಬೇಡ' ಅಂತ ಚೀಲದವರು ಪಿಸುಗುಟ್ಟಿದರು.

1935ರಲ್ಲಿ ಇಬ್ಬರು ಕುಡುಕರು ಕೂತು ಒಬ್ಬರಿಗೊಬ್ಬರು ತಮ್ಮ ಕತೆ ಹೇಳಿಕೊಂಡದ್ದರಿಂದ ಇದೆಲ್ಲ ಶುರುವಾಯಿತಂತೆ. ನನಗೆ ಕುಡಿತ ಬಿಡು ಅಂದವರು ಬೇಕಾದಷ್ಟು ಜನ. ನಾನೂ ಹೀಗೇ ಇದ್ದೆ ಅಂದವರನ್ನು ನೋಡಿದ್ದು ಇವತ್ತೇ.

ಮುಂದಿನ ಮೀಟಿಂಗ್ ಗುರುವಾರ. ಸ್ವಲ್ಪ ಬೇಗ ಹೋಗಬೇಕು, ಅದೇ ಕುರ್ಚಿ ಬೇಕು.