ತಿರುಳು ಅದಕ್ಕೆ, ಸಿಪ್ಪೆ ನಮಗೆ

ಮಾವಿನಗುಂಡಿ ದಾಟಿ ಹೊನ್ನಾವರದ ಕಡೆಗೆ ಇಳಿಯುವ ರಸ್ತೆಯಲ್ಲಿ ಮಳೆಗಾಲದ ಮಧ್ಯಾಹ್ನವೂ ವಾಹನಗಳು ದೀಪ ಹಾಕಿಕೊಂಡೇ ಓಡುತ್ತವೆ. ಕತ್ತಲೆಕಾನು ಎಂಬ ಹೆಸರಿಗೆ ತಕ್ಕ ಕಾಡು ಅದು. ಬೇರೆಯವರು ಕಾಡಿಗೆ ಕಾಲಿಡಲು ಹಿಂಜರಿಯುವ ಈ ದಿನಗಳೇ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣು ಕೊಯ್ಯುವವರಿಗೆ ಸುಗ್ಗಿ. ಸಿದ್ದಾಪುರ ತಾಲ್ಲೂಕಿನ ನಮ್ಮ ದೊಡ್ಡಮ್ಮನ ಮನೆಗೆ ತೋಟದ ಕೆಲಸಕ್ಕೆ ಬರುವ ಅಜ್ಜರೊಬ್ಬರು ಉಪ್ಪಾಗೆ ಕಾಲದಲ್ಲಿ ಮಾತ್ರ ತೋಟದ ಕಡೆ ತಲೆ ಹಾಕುವುದಿಲ್ಲ. "ಸಿಂಗಳೀಕ ನೋಡಬೇಕೆಂದರೆ ಉಪ್ಪಾಗೆ ಮರದ ಬುಡಕ್ಕೆ ಬಾ ತಂಗೀ. ಹುಡುಕಿಕೊಂಡು ಹೋದರೆ ಅದು ಸಿಗುವುದಿಲ್ಲ" ಎಂದು ಅವರೇ ಕರೆದರು.

ಕಂಬಳಿಕೊಪ್ಪೆ ಹಾಕಿ, ಕಾಲಿಗೆ ಸುಣ್ಣ ಬಳಿದುಕೊಂಡು ಹೊರಟರೂ ರಕ್ತ ಹೀರುವ ಉಂಬಳಗಳು ಬಿಡಲಿಲ್ಲ. ದಾರಿಯಲ್ಲಿ ಒಂದು ರಾಮಪತ್ರೆ ಜಡ್ಡಿ, ಅಂದರೆ ರಾಮಪತ್ರೆ ಮರಗಳ ಜೌಗು ನೆಲ. ಕೆಸರಿನಿಂದ ಮೊಣಕಾಲಿನಂತೆ ಮಡಚಿ ಮೇಲೆದ್ದ ಬೇರುಗಳ ನಡುವೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅದನ್ನು ದಾಟಿ ದಿಬ್ಬ ಹತ್ತುವಾಗ ಅಜ್ಜ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಎದುರಿನ ಮರದಿಂದ ಏನೋ ಟಪ್ಪೆಂದು ಬಿತ್ತು. ಹಳದಿ ಬಣ್ಣದ, ಉದ್ದುದ್ದಕ್ಕೆ ಏಣುಗಳಿದ್ದ, ಪುಟ್ಟ ಸಿಹಿಗುಂಬಳದಂಥ ಉಪ್ಪಾಗೆ ಹಣ್ಣಿನ ಅರ್ಧ ಹೋಳು. ಒಳಗೆ ಏನೂ ಇರಲಿಲ್ಲ. ಅಂಚಿನಲ್ಲಿ ಹಲ್ಲಿನ ಗುರುತು.

ತಲೆಯೆತ್ತಿದರೆ ಮೊದಲು ಕಂಡದ್ದು ಬಾಲ. ಜೋತುಬಿದ್ದ ಗಿಡ್ಡ ಬಾಲ, ತುದಿಯಲ್ಲಿ ಕುಚ್ಚು. ಆಮೇಲೆ ಮೈ, ಅಪ್ಪಟ ಕಪ್ಪು. ಮುಖದ ಸುತ್ತ ಬೂದು ಕೇಸರ, ಮಳೆಗೆ ತೊಯ್ದು ಎಳೆ ಎಳೆಯಾಗಿ ಅಂಟಿಕೊಂಡಿತ್ತು. ಒಂದು ಹಣ್ಣು ಕಿತ್ತು, ಎರಡೂ ಕೈಯಲ್ಲಿ ತಿರುಗಿಸಿ ನೋಡಿ, ಕಚ್ಚಿ ಸೀಳಿ, ಬೀಜಕ್ಕೆ ಅಂಟಿದ ತಿರುಳನ್ನು ಬಾಯಿಗೆ ಹಾಕಿಕೊಂಡು ಸಿಪ್ಪೆಯನ್ನು ಕೆಳಗೆ ಬಿಟ್ಟಿತು. ಮತ್ತೊಂದು ಕಿತ್ತಿತು. ಕೆನ್ನೆಯ ಚೀಲ ಉಬ್ಬುತ್ತಾ ಹೋಯಿತು. ಪಕ್ಕದ ಕೊಂಬೆಯಲ್ಲಿ ತಾಯಿಯ ಹೊಟ್ಟೆಗೆ ಅವಚಿಕೊಂಡಿದ್ದ ಮರಿಗೆ ಇನ್ನೂ ಕೇಸರ ಮೂಡಿರಲಿಲ್ಲ; ಮುಖ ಬಿಳಿಚಿಕೊಂಡಿತ್ತು. ನಮ್ಮನ್ನು ಕಂಡೂ ಯಾವುದೂ ಕೂಗಲಿಲ್ಲ. ಮೆಲ್ಲಗೆ ಕೊಂಬೆಯಿಂದ ಕೊಂಬೆಗೆ ಸರಿದವು, ಅಷ್ಟೇ. ಊರಿನ ಮಂಗಗಳ ಗದ್ದಲ ಕೇಳಿ ಬೆಳೆದ ನನಗೆ ಈ ಗಾಂಭೀರ್ಯ ಹೊಸದು.

ಅಜ್ಜ ಆ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡರು. "ಅದಕ್ಕೆ ತಿರುಳು ಸಾಕು, ನನಗೆ ಸಿಪ್ಪೆ ಸಾಕು. ಜಗಳ ಎಲ್ಲಿಂದ ಬರಬೇಕು?" ಎಂದರು. ಅಂದಿನಿಂದ ಈ ಮಾತು ನನ್ನ ತಲೆಯಲ್ಲೇ ಇದೆ.

ಏಕೆಂದರೆ ಜಗಳ ಬಂದಿದೆ. ಉಪ್ಪಾಗೆ ಮೊದಲು ಮನೆಬಳಕೆಯ ಹುಳಿ. ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ತೂಕ ಇಳಿಸುವ ಔಷಧಿಗೆ ಅದರ ಸಿಪ್ಪೆಯ ಆಮ್ಲ ಬೇಕೆಂದು ಹೊರದೇಶಗಳಿಂದ ಬೇಡಿಕೆ ಬಂದ ಮೇಲೆ ಅದು ದುಡ್ಡಿನ ಹಣ್ಣಾಯಿತು. ಹಣ್ಣಾಗಿ ಉದುರುವ ತನಕ ಕಾದರೆ ಬೇರೆಯವರು ಕೊಯ್ಯುತ್ತಾರೆಂಬ ಭಯಕ್ಕೆ ಕಾಯಿ ಇರುವಾಗಲೇ ಬಡಿಯುವುದು, ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿಯುವುದು ಶುರುವಾಯಿತು. ಜಡಿಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆಯನ್ನು ಬೆಂಕಿಯಲ್ಲೇ ಒಣಗಿಸಬೇಕು, ಅದಕ್ಕೆ ಹಗಲೂ ರಾತ್ರಿ ಸೌದೆ ಬೇಕು. ಹಿಂತಿರುಗುವಾಗ ಅಜ್ಜ ಒಂದು ಬೊಡ್ಡೆ ತೋರಿಸಿದರು. ಉಪ್ಪಾಗೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡದ ಗಂಡು ಮರದಿಂದ ಏನು ಲಾಭ ಎಂದು ಯಾರೋ ಅದನ್ನು ಒಲೆಗೆ ಹಾಕಿದ್ದರು. ಗಂಡು ಹೂವಿಲ್ಲದೆ ಸುತ್ತಲಿನ ಹೆಣ್ಣು ಮರಗಳು ಕಾಯಿ ಕಟ್ಟುವುದು ಹೇಗೆ? ನನಗೆ ಸಿಟ್ಟು ಬಂದದ್ದು ಅಲ್ಲಿ.

ಸಿಂಗಳೀಕಕ್ಕೆ ಹೋಗಲು ಬೇರೆ ಜಾಗ ಇಲ್ಲ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಅದು ಕಾಡುಪ್ರಾಣಿಯಾಗಿ ಬದುಕಿಲ್ಲ. ಇಂದು ಅದರ ಹರವಿನ ಉತ್ತರದ ತುದಿ ನಮ್ಮ ಸಿರಸಿ, ಸಿದ್ದಾಪುರ, ಹೊನ್ನಾವರದ ಕಾಡುಗಳು. ನೆಲಕ್ಕೆ ಇಳಿಯುವುದು ಅಪರೂಪ, ಮರಗಳ ನೆತ್ತಿ ಒಂದಕ್ಕೊಂದು ತಾಗಿದ್ದರೆ ಮಾತ್ರ ಅದಕ್ಕೆ ದಾರಿ. ಹೆಣ್ಣು ಐದಾರು ವರ್ಷದ ನಂತರ ಮೊದಲ ಬಾರಿ ಹೆರುತ್ತದೆ, ಅದೂ ಒಂದೇ ಮರಿ. ಮುಂದಿನ ಮರಿಗೆ ಮತ್ತೆ ಎರಡು ಮೂರು ವರ್ಷ. ಒಂದು ಗುಂಪು ಒಮ್ಮೆ ಕರಗಿದರೆ ಮತ್ತೆ ತುಂಬಿಕೊಳ್ಳಲು ಎಷ್ಟು ಕಾಲ ಬೇಕೆಂದು ನೀವೇ ಲೆಕ್ಕ ಹಾಕಿ.

2011ರಲ್ಲಿ ಸರ್ಕಾರ ಇಲ್ಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯದೊಂದಿಗೆ ಸೇರಿ ಸಿಂಗಳೀಕದ ಹೆಸರಿನ ಅಭಯಾರಣ್ಯವಾಯಿತು. ಸಂತೋಷದ ಸಂಗತಿಯೇ. ಆದರೆ ಕಾವಲು ಹಾಕಿ ಅಜ್ಜನಂಥವರನ್ನು ಹೊರಗಿಟ್ಟರೆ ಕಾಡು ಉಳಿಯುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಯಾವ ಮರ ಯಾವ ವಾರ ಹಣ್ಣಾಗುತ್ತದೆ, ಗುಂಪು ಎಲ್ಲಿ ರಾತ್ರಿ ಕಳೆಯುತ್ತದೆ ಎಂಬುದೆಲ್ಲ ಬಾಯಿಪಾಠವಾಗಿರುವುದು ಇವರಿಗೇ.

"ಎಳೆಕಾಯಿ ಒಣಗಿದರೆ ತೂಕವೇ ನಿಲ್ಲುವುದಿಲ್ಲ, ಎಲ್ಲರಿಗೂ ನಷ್ಟ. ಗೊತ್ತಿದ್ದೂ ಬಡಿಯುತ್ತಾರೆ. ನಾನೊಬ್ಬ ಕಾದರೆ ಏನಾಯಿತು?" ಎಂದು ಅಜ್ಜ ಜಡ್ಡಿ ದಾಟುವಾಗ ಕೇಳಿದರು. ಎಲ್ಲರೂ ಒಂದೇ ದಿನ ಕೊಯ್ಲು ಶುರು ಮಾಡುವುದೆಂದು ಗ್ರಾಮ ಅರಣ್ಯ ಸಮಿತಿ ನಿಗದಿ ಮಾಡಿದರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನ ಗೊತ್ತು ಮಾಡುವುದಾದರೆ ಇನ್ನೊಂದು ಮಾತೂ ಸೇರಿಸು. ನೆತ್ತಿಯ ಹಣ್ಣಿಗೆ ಯಾರೂ ದೋಟಿ ಹಾಕಬಾರದು" ಎಂದರು. ಎರಡನ್ನೂ ಬರೆದು, ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆ ಊರಿಗೊಂದಾದರೂ ಬೇಕೆಂಬ ಬೇಡಿಕೆಯನ್ನೂ ಸೇರಿಸಿ ಸಮಿತಿಗೆ ಅರ್ಜಿ ಕೊಟ್ಟಿದ್ದೇನೆ. ಮೊದಲ ಸಹಿ ಅಜ್ಜನದು.